ಮೊದಲು ಗೇಟು ಹುಡುಕಿ, ಆಮೇಲೆ ರೂಮು

ಮಗಳಿಗೆ ಭಾನುವಾರ ಬೆಳಿಗ್ಗೆ ವೈಟ್‌ಫೀಲ್ಡ್ ಕಡೆ ಆನ್‌ಲೈನ್ ಪರೀಕ್ಷೆ. ಅಥವಾ ಅಪ್ಪನನ್ನು ಬೊಮ್ಮಸಂದ್ರದ ಆಸ್ಪತ್ರೆಗೆ ತೋರಿಸಬೇಕು. ಇಲ್ಲವೇ ಊರಿನ ಮಿಲ್ಲಿಗೆ ಬೇಕಾದ ಗೇರ್ ಮಾಡಿಸಲು ಪೀಣ್ಯದಲ್ಲಿ ಎರಡು ದಿನ ಸುತ್ತಬೇಕು. ರಾತ್ರಿ ಬಸ್ಸಿನ ಟಿಕೆಟ್ ಆಗಿದೆ, ಉಳಿಯುವುದೆಲ್ಲಿ ಎಂಬುದೊಂದು ಬಾಕಿ. ಫೋನ್ ತೆರೆದರೆ ಮೊದಲು ನಾಲ್ಕೈದು ಸಾವಿರದ ಗಾಜಿನ ಕಟ್ಟಡಗಳು. ಕೆಳಗೆ ಸರಿಸುತ್ತ ಹೋದರೆ ಆರುನೂರಕ್ಕೆ ರೂಮು ಎನ್ನುವ ಪಟ್ಟಿ, ಅದರ ಫೋಟೊದಲ್ಲಿ ಬಿಳಿ ಬೆಡ್‌ಶೀಟ್ ಬಿಟ್ಟು ಬೇರೇನೂ ಕಾಣದು. ಎರಡರ ನಡುವೆ, ಸಾವಿರದ ಆಸುಪಾಸಿನಲ್ಲಿ ಬಿಸಿನೀರು ಬರುವ, ಬಾಗಿಲ ಚಿಲಕ ಸರಿಯಿರುವ, ಮನೆಯವರನ್ನು ಕರೆದುಕೊಂಡು ಹೋಗಬಹುದಾದ ಜಾಗಗಳಿವೆ. ಅವು ತಾವಾಗಿ ಕಣ್ಣಿಗೆ ಬೀಳುವುದಿಲ್ಲ, ಹುಡುಕಬೇಕು.

ಹುಡುಕುವ ಪದದಲ್ಲೇ ಮೊದಲ ತೊಡಕು. ನಮಗೆ ಹೋಟೆಲ್ ಎಂದರೆ ಇಡ್ಲಿ-ವಡೆ. ದಾಸರಹಳ್ಳಿಯಲ್ಲಿ ಇಳಿದು ಆಟೋದವರನ್ನು ‘ಒಳ್ಳೆ ಹೋಟೆಲ್ ಎಲ್ಲಿದೆ’ ಎಂದು ಕೇಳಿ ನೋಡಿ, ನೇರ ದರ್ಶಿನಿಯ ಮುಂದೆ ನಿಲ್ಲಿಸುತ್ತಾರೆ. ಮಲಗಲು ಜಾಗ ಬೇಕಿದ್ದರೆ ಲಾಡ್ಜ್ ಎನ್ನಬೇಕು. ಫೋನಿನಲ್ಲಿ ಹುಡುಕುವಾಗ ಎರಡೂ ಪದ ಹಾಕಿ. ‘ಹೋಟೆಲ್’ ಎಂದಾಗ ಬರುವುದು ಹೆಚ್ಚಾಗಿ ಬುಕಿಂಗ್ ಆ್ಯಪ್‌ಗಳ ಪಟ್ಟಿ. ‘ಲಾಡ್ಜ್’, ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದಾಗ ಆ್ಯಪ್‌ಗೆ ಕಮಿಷನ್ ಕೊಡದ, ಫೋನ್ ಎತ್ತಿ ‘ರೂಮ್ ಇದೆ ಬನ್ನಿ’ ಎನ್ನುವ ಹಳೆಯ ಜಾಗಗಳು ಸಿಗುತ್ತವೆ.

ಅಗ್ಗದ ರೂಮು ಹಳ್ಳಿಯ ಹೆಸರಿನಲ್ಲಿದೆ

ಬೆಂಗಳೂರಿಗೆ ಬಂದವರು ರೈಲು ನಿಲ್ದಾಣದ ಸುತ್ತ ತಂಗುವುದು ಹಳೆಯ ವಾಡಿಕೆ. ನಿಲ್ದಾಣದ ಹತ್ತಿರದಲ್ಲೇ ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿ ನೂರು ವರ್ಷ ದಾಟಿತು. ಆಮೇಲೆ ಗಾಂಧಿನಗರ, ಕಾಟನ್‌ಪೇಟೆಗಳ ಲಾಡ್ಜುಗಳು ಬಂದವು. ಕೆಲಸ ಮಾತ್ರ ಊರಿನ ಅಂಚಿಗೆ ಸರಿಯುತ್ತ ಹೋಯಿತು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. ಅದೇ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್ ಕಡೆ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ತಲೆಯೆತ್ತಿತು.

ಈ ಪ್ರದೇಶಗಳನ್ನು ಯೋಜಿಸಿದವರು ಕಂಪನಿಗಳಿಗೆ ಜಾಗ ಇಟ್ಟರು, ಒಂದು ರಾತ್ರಿ ತಂಗಿ ಹೋಗುವವರಿಗೆ ಇಡಲಿಲ್ಲ. ಆ ಜಾಗ ಕೊಟ್ಟವು ಸುತ್ತಲಿನ ಹಳ್ಳಿಗಳು. ಹೊಲ ಹೋದ ಮೇಲೆ ಉಳಿದ ಗ್ರಾಮಠಾಣೆಯ ಸೈಟುಗಳಲ್ಲಿ ಮೂರು-ನಾಲ್ಕು ಮಹಡಿ ಎದ್ದವು. ಕೆಳಗೆ ಅಂಗಡಿ, ಮೇಲೆ ಪಿಜಿ, ಅದರ ಮೇಲೆ ಲಾಡ್ಜು. ಆದ್ದರಿಂದ ‘ಎಲೆಕ್ಟ್ರಾನಿಕ್ ಸಿಟಿ’ ಎಂದು ಹುಡುಕಿದರೆ ದುಬಾರಿ ಪಟ್ಟಿ ಬರುತ್ತದೆ. ಅದೇ ದೊಡ್ಡತೋಗೂರು, ನೀಲಾದ್ರಿ ರಸ್ತೆ, ಹೆಬ್ಬಗೋಡಿ ಎಂದು ಹುಡುಕಿ, ದರ ಇಳಿಯುತ್ತದೆ. ‘ವೈಟ್‌ಫೀಲ್ಡ್’ ಬದಲು ಹೂಡಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಕಾಡುಗೋಡಿ ಎನ್ನಿ. ಎಷ್ಟೋ ಸಲ ಕಟ್ಟಡಗಳ ನಡುವೆ ಒಂದು ಕಾಂಪೌಂಡ್ ಗೋಡೆಯಷ್ಟೇ ಅಂತರ. ಬಾಡಿಗೆ ಏರುವುದು ಹೆಸರಿಗೆ.

ವಾರದ ಲಯವನ್ನೂ ತಿಳಿದುಕೊಂಡಿರಿ. ಐಟಿ ಪ್ರದೇಶದ ಮಧ್ಯಮ ದರ್ಜೆಯ ಹೋಟೆಲುಗಳು ನಡೆಯುವುದೇ ಕಂಪನಿ ಕೆಲಸಕ್ಕೆ ಬರುವವರಿಂದ. ಸೋಮವಾರದಿಂದ ಗುರುವಾರದವರೆಗೆ ತುಂಬಿರುತ್ತವೆ, ಶುಕ್ರವಾರ ಸಂಜೆಗೆ ಖಾಲಿಯಾಗುತ್ತವೆ. ಪ್ರವಾಸಿ ಊರುಗಳಲ್ಲಿ ಶನಿವಾರ-ಭಾನುವಾರ ದರ ಏರಿದರೆ ಇಲ್ಲಿ ಇಳಿಯುವುದೇ ಹೆಚ್ಚು. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಭಾನುವಾರ ಬಂದು ಸೋಮವಾರದ ಕೆಲಸ ಮುಗಿಸಿ ಹೊರಡಿ. ಬುಧವಾರ ಬಂದವರು ಕೊಡುವುದಕ್ಕಿಂತ ಕಡಿಮೆ ಕೊಡುವ ಸಾಧ್ಯತೆ ಹೆಚ್ಚು.

ಹುಡುಕುವ ಕ್ರಮ

1. ಗೇಟನ್ನು ಗುರುತಿಸಿಕೊಳ್ಳಿ. ಪ್ರವೇಶ ಪತ್ರದಲ್ಲೋ ಸಂದರ್ಶನದ ಪತ್ರದಲ್ಲೋ ಇರುವ ಪೂರ್ತಿ ವಿಳಾಸವನ್ನು ಪಿನ್‌ಕೋಡ್ ಸಮೇತ ಮ್ಯಾಪಿಗೆ ಹಾಕಿ, ಒಳಗೆ ಹೋಗುವ ಬಾಗಿಲು ಯಾವ ರಸ್ತೆಗಿದೆ ಎಂದು ನೋಡಿ. ಜನರ ಬಾಯಲ್ಲಿ ವೈಟ್‌ಫೀಲ್ಡ್ ಎಂದರೆ ಹೂಡಿಯೂ ಹೌದು, ಕಾಡುಗೋಡಿಯೂ ಹೌದು, ವರ್ತೂರು ರಸ್ತೆಯೂ ಹೌದು. ಎಲೆಕ್ಟ್ರಾನಿಕ್ ಸಿಟಿಗೆ ಹಂತ 1, ಹಂತ 2 ಇವೆ. ಪೀಣ್ಯದಲ್ಲಿ ನಾಲ್ಕು ಹಂತ, ಒಂದೊಂದರಲ್ಲೂ ಹತ್ತಾರು ಕ್ರಾಸು. ‘ಪೀಣ್ಯ 2ನೇ ಹಂತ’ ಎಂಬುದನ್ನು ‘ಪೀಣ್ಯ’ ಎಂದಷ್ಟೇ ನೆನಪಿಟ್ಟುಕೊಂಡವರು ಸಂಜೆಯ ಟ್ರಾಫಿಕ್ಕಿನಲ್ಲಿ ತುಮಕೂರು ರಸ್ತೆ ದಾಟಲು ಪಡುವ ಪಾಡು ನಾನು ಕಂಡಿದ್ದೇನೆ.

2. ನಿಮ್ಮ ಬಸ್ಸು ಯಾವ ದಿಕ್ಕಿನಿಂದ ಬರುತ್ತದೆ ನೋಡಿ. ಬೆಂಗಳೂರಿನ ಬಸ್ಸೆಂದರೆ ಮೆಜೆಸ್ಟಿಕ್‌ನಲ್ಲೇ ಇಳಿಯಬೇಕೆಂದಿಲ್ಲ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ತುಮಕೂರು, ಹಾಸನ, ಮಂಗಳೂರು ಕಡೆಯ ಹೆಚ್ಚಿನ ಬಸ್ಸುಗಳು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲೇ ಬರುತ್ತವೆ. ಪೀಣ್ಯದ ಕೆಲಸದವರು 8ನೇ ಮೈಲಿ, ಜಾಲಹಳ್ಳಿ ಕ್ರಾಸ್ ಅಥವಾ ಗೊರಗುಂಟೆಪಾಳ್ಯದಲ್ಲಿ ಇಳಿದುಬಿಟ್ಟರೆ ಮೆಜೆಸ್ಟಿಕ್‌ಗೆ ಹೋಗಿ ವಾಪಸು ಬರುವ ಅಲೆದಾಟ ತಪ್ಪುತ್ತದೆ. ಕೋಲಾರ, ಮುಳಬಾಗಿಲಿನವರಿಗೆ ಕೆ.ಆರ್. ಪುರ ಮೊದಲು ಸಿಗುತ್ತದೆ, ಅಲ್ಲಿಂದ ವೈಟ್‌ಫೀಲ್ಡಿಗೆ ಮೆಟ್ರೊ ಇದೆ. ಹೊಸೂರು ಕಡೆಯಿಂದ ಬರುವವರಿಗೆ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ದಾರಿಯಲ್ಲೇ. ಮೈಸೂರು, ಮಂಡ್ಯದವರು ಕೆಂಗೇರಿಯಲ್ಲಿ ಇಳಿದು ನೇರಳೆ ಮಾರ್ಗ ಹತ್ತಿದರೆ ಗಾಡಿ ಬದಲಿಸದೆ ವೈಟ್‌ಫೀಲ್ಡ್ ಮುಟ್ಟಬಹುದು. ಊರಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಒಂದೇ ಟಿಕೆಟ್!

3. ಕಿಲೋಮೀಟರ್ ಬಿಡಿ, ಮೆಟ್ರೊ ಗೆರೆ ಹಿಡಿಯಿರಿ. ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಒಂದಾಗಿ ಓಡಲು ಶುರುವಾದದ್ದು 2023ರ ಅಕ್ಟೋಬರಿನಲ್ಲಿ. ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ಬೆಳೆದದ್ದು 2024ರ ನವೆಂಬರಿನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂದದ್ದು 2025ರ ಆಗಸ್ಟಿನಲ್ಲಿ. ಈ ಮೂರರಿಂದಾಗಿ ಲಾಡ್ಜ್ ಹುಡುಕುವ ಲೆಕ್ಕವೇ ಬದಲಾಯಿತು. ನಿಮ್ಮ ಗೇಟಿಗೆ ನಾಲ್ಕು ಕಿ.ಮೀ. ದೂರದಲ್ಲಿದ್ದು ಮೆಟ್ರೊ ಇಲ್ಲದ ರೂಮಿಗಿಂತ, ಹತ್ತು ಕಿ.ಮೀ. ಆಚೆ ಅದೇ ಮಾರ್ಗದ ನಿಲ್ದಾಣದ ಪಕ್ಕದ ರೂಮು ಎಷ್ಟೋ ವಾಸಿ. ಟ್ರಾಫಿಕ್ ಏನೇ ಇರಲಿ, ರೈಲು ಹೇಳಿದ ಹೊತ್ತಿಗೆ ಮುಟ್ಟಿಸುತ್ತದೆ.

4. ಬಾಡಿಗೆಗೆ ಓಡಾಟದ ಖರ್ಚನ್ನು ಕೂಡಿಸಿ. 2025ರ ಆಗಸ್ಟ್ 1ರಿಂದ ಆಟೋ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಗೇಟಿನಿಂದ 9 ಕಿ.ಮೀ. ದೂರದ ಒಂದು ಲಾಡ್ಜಿನಲ್ಲಿ ರೂಮಿಗೆ 800 ರೂಪಾಯಿ ಎಂದುಕೊಳ್ಳಿ. ಮೀಟರ್ ಪ್ರಕಾರ ಹೋಗಲು 162, ಬರಲು 162, ಒಟ್ಟು 1,124. ನಡೆದು ಹೋಗುವಷ್ಟು ಹತ್ತಿರದಲ್ಲಿ 1,050ಕ್ಕೆ ರೂಮಿದ್ದರೆ ಅದೇ ಅಗ್ಗ. ಇದು ಮೀಟರ್ ಹಾಕಿದರೆ ಆಗುವ ಲೆಕ್ಕ. ಮೀಟರ್ ಹಾಕುವ ಆಟೋ ಸಿಗುವುದು ಬೇರೆಯೇ ಕಥೆ. ಮೆಟ್ರೊದಲ್ಲಿ 2025ರ ಫೆಬ್ರವರಿಯ ಪರಿಷ್ಕರಣೆಯಂತೆ ಕನಿಷ್ಠ 10, ಗರಿಷ್ಠ 90 ರೂಪಾಯಿ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಹಾಗಾಗಿ ತಾಯಿ-ಮಗಳು ಬಂದಾಗಿನ ಲೆಕ್ಕ ಬೇರೆ, ಅಪ್ಪ-ಮಗ ಬಂದಾಗಿನ ಲೆಕ್ಕ ಬೇರೆ.

5. ಬುಕ್ ಮಾಡುವ ಮುನ್ನ ಲಾಡ್ಜಿಗೇ ಫೋನ್ ಮಾಡಿ. ಆ್ಯಪ್‌ನಲ್ಲಿ ದರ ನೋಡಿಕೊಳ್ಳಿ, ಆಮೇಲೆ ಕೌಂಟರಿನವರ ಜೊತೆ ಮಾತಾಡಿ. ನೇರ ಬಂದರೆ ಎಷ್ಟು? ತೆರಿಗೆ ಸೇರಿಸಿಯೋ ಬಿಟ್ಟೋ? ಮೂರನೆಯವರಿಗೆ ಹಾಸಿಗೆ ಕೊಟ್ಟರೆ ಎಷ್ಟು ಹೆಚ್ಚು? ಬಿಸಿನೀರು ಎಷ್ಟರಿಂದ ಎಷ್ಟರವರೆಗೆ? ಲಿಫ್ಟ್ ಇದೆಯೇ, ನಡೆಯುತ್ತಿದೆಯೇ? ಕೊನೆಯ ಎರಡನ್ನು ಬೇರೆ ಬೇರೆ ಕೇಳಬೇಕು, ಮಂಡಿನೋವಿನ ಅಮ್ಮನ ಜೊತೆ ನಾಲ್ಕನೇ ಮಹಡಿ ಹತ್ತಿದವರಿಗೆ ಕಾರಣ ಗೊತ್ತು. ಬೇಸಿಗೆಯಲ್ಲಿ ನೀರಿನ ಬಗ್ಗೆಯೂ ಕೇಳಿ. ವೈಟ್‌ಫೀಲ್ಡ್ ಸುತ್ತಿನ ಬಹಳಷ್ಟು ಕಟ್ಟಡಗಳು ಬಹುಕಾಲ ಬೋರ್‌ವೆಲ್, ಟ್ಯಾಂಕರನ್ನೇ ನಂಬಿದ್ದವು, 2024ರ ಬೇಸಿಗೆಯಲ್ಲಿ ಆದ ಪರದಾಟ ಎಲ್ಲರೂ ನೋಡಿದ್ದೇ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತದ ನೀರು ಹೊರವಲಯದ 110 ಹಳ್ಳಿಗಳಿಗಾಗಿ ಬಂತು, ಆದರೆ ಕೊಳವೆ ಬೀದಿಗೆ ಬಂದ ಮಾತ್ರಕ್ಕೆ ಕಟ್ಟಡದ ಸಂಪಿಗೆ ಬಂದಂತಲ್ಲ.

6. ರೂಮು ನೋಡಿ ದುಡ್ಡು ಕೊಡಿ. ನಲ್ಲಿ ತಿರುಗಿಸಿ, ಚಿಲಕ ಹಾಕಿ ನೋಡಿ, ಕಿಟಕಿ ತೆರೆಯಿರಿ. ಹೊಸೂರು ರಸ್ತೆ, ತುಮಕೂರು ರಸ್ತೆಗೆ ಮುಖ ಮಾಡಿದ ರೂಮು ಕೊಟ್ಟರೆ ಹಿಂಬದಿಯದು ಕೇಳಿ. ರಾತ್ರಿಯಿಡೀ ಲಾರಿಗಳ ಸದ್ದಿದ್ದರೆ ಬೆಳಿಗ್ಗೆ ಪರೀಕ್ಷೆ ಬರೆಯುವವರು ಮಲಗುವುದು ಹೇಗೆ? ಹಿಂಬದಿಯ ರೂಮಿಗೆ ನೂರಿನ್ನೂರು ಕಡಿಮೆಯಾಗುವುದೂ ಉಂಟು.

ಇಪ್ಪತ್ನಾಲ್ಕು ಗಂಟೆಯೋ, ಮಧ್ಯಾಹ್ನ ಹನ್ನೆರಡೋ?

ಇದೊಂದಕ್ಕೆ ಬೇರೆಯೇ ಜಾಗ ಕೊಡಬೇಕು. ಊರಿಂದ ಬಂದವರ ದುಡ್ಡು ಹೆಚ್ಚು ಸೋರುವುದು ಇಲ್ಲೇ.

ಹಳೆಯ ಲಾಡ್ಜುಗಳಲ್ಲಿ 24 ಗಂಟೆಯ ಪದ್ಧತಿ. ಬೆಳಿಗ್ಗೆ 6ಕ್ಕೆ ಬಂದರೆ ಮರುದಿನ 6ರವರೆಗೆ ರೂಮು ನಿಮ್ಮದು. ಆ್ಯಪ್‌ನಲ್ಲಿರುವ ಹೊಸ ಜಾಗಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಒಳಗೆ, ಮರುದಿನ 11ಕ್ಕೆ ಹೊರಗೆ. ನಮ್ಮ ಬಸ್ಸುಗಳೆಲ್ಲ ಬಂದು ಮುಟ್ಟುವುದು ನಸುಕಿನಲ್ಲಿ. ಹಾಗಾದಾಗ ಏನಾಗುತ್ತದೆ? ಒಮ್ಮೆ ನಾನೇ ಹೂಡಿಯ ಒಂದು ಲಾಡ್ಜಿನ ಮೆಟ್ಟಿಲ ಮೇಲೆ ಬೆಳಿಗ್ಗೆ 5ರಿಂದ ಕೂತಿದ್ದೆ. ಬುಕಿಂಗ್ ಇತ್ತು, ದುಡ್ಡೂ ಕೊಟ್ಟಾಗಿತ್ತು. ‘ಚೆಕ್-ಇನ್ ಹನ್ನೆರಡಕ್ಕೆ ಸರ್, ಈಗಲೇ ಬೇಕಾದರೆ ನಿನ್ನೆಯ ದಿನದ್ದೂ ಕಟ್ಟಿ’ ಎಂದ ಹುಡುಗ ಕಂಬಳಿ ಹೊದ್ದು ಮತ್ತೆ ಮಲಗಿದ. ಏಳುನೂರರ ರೂಮು ನನಗೆ ಸಾವಿರದ ನಾಲ್ಕುನೂರಕ್ಕೆ ಬಿತ್ತು. ಅವನದೇನೂ ತಪ್ಪಿರಲಿಲ್ಲ. ನಿಯಮ ಪರದೆಯ ಮೇಲೇ ಇತ್ತು, ಓದದವನು ನಾನು.

ನಸುಕಿನಲ್ಲಿ ಬಂದು ಅದೇ ರಾತ್ರಿ ಬಸ್ಸಿಗೆ ವಾಪಸು ಹೋಗುವವರಿಗೆ 24 ಗಂಟೆಯ ಲಾಡ್ಜು ಬಿಟ್ಟರೆ ಬೇರೇನೂ ಲಾಭವಿಲ್ಲ. ಸ್ನಾನ, ಎರಡು ತಾಸು ನಿದ್ದೆ, ಕೆಲಸ, ವಾಪಸು ಬಂದು ಬ್ಯಾಗ್ ಎತ್ತಿಕೊಂಡು ಹೊರಡುವುದು, ಎಲ್ಲಕ್ಕೂ ಒಂದೇ ದಿನದ ಬಾಡಿಗೆ. ಇಂಥವು ಯಶವಂತಪುರ, ಮೆಜೆಸ್ಟಿಕ್ ಕಡೆ ಹೆಚ್ಚು, ಐಟಿ ಕಡೆ ಕಡಿಮೆ. ಮುಂಚಿನ ಸಂಜೆಯೇ ಬಂದು ಮರುದಿನ ಬೆಳಿಗ್ಗೆ ಹೊರಡುವವರಿಗೆ ಹನ್ನೆರಡರ ಪದ್ಧತಿಯಿಂದ ನಷ್ಟವೇನಿಲ್ಲ. ರೈಲಿನಲ್ಲಿ ಬರುವವರಿಗೆ ಇನ್ನೊಂದು ದಾರಿಯಿದೆ. ದೊಡ್ಡ ನಿಲ್ದಾಣಗಳ ರಿಟೈರಿಂಗ್ ರೂಮು, ಡಾರ್ಮಿಟರಿಗಳನ್ನು ನಿಮ್ಮ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಹಾಕಿ ಐಆರ್‌ಸಿಟಿಸಿಯಲ್ಲೇ ಕಾಯ್ದಿರಿಸಬಹುದು. ಯಶವಂತಪುರದಲ್ಲಿ ಸಿಕ್ಕರೆ ಪೀಣ್ಯ ನಾಲ್ಕೇ ನಿಲ್ದಾಣದೊಳಗೆ.

ಮೂರು ದಿಕ್ಕು, ಮೂರು ಬಗೆ

ಪೀಣ್ಯದ್ದು ಸುಲಭ. ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯ, ಪೀಣ್ಯ ಇಂಡಸ್ಟ್ರಿ, ಜಾಲಹಳ್ಳಿ, ದಾಸರಹಳ್ಳಿ, ನಾಗಸಂದ್ರ, ಎಲ್ಲ ಒಂದೇ ಸಾಲಿನ ಹಸಿರು ನಿಲ್ದಾಣಗಳು, ಸಾಲಿನುದ್ದಕ್ಕೂ ಲಾಡ್ಜುಗಳು. ಕಾರ್ಖಾನೆಗೆ ಬಿಡಿಭಾಗ ಕೊಳ್ಳಲು, ಯಂತ್ರ ರಿಪೇರಿಗೆ ಬರುವವರನ್ನು ನಂಬಿ ನಡೆಯುವ ಜಾಗಗಳಿವು. ಥಳುಕಿಲ್ಲ, ದರ ಹಿಡಿತದಲ್ಲಿರುತ್ತದೆ. ಭಾನುವಾರ ಬಹುತೇಕ ವರ್ಕ್‌ಶಾಪುಗಳಿಗೆ ರಜೆ, ಆ ದಿನ ಬಂದು ಕೂತರೆ ಒಂದು ದಿನದ ಬಾಡಿಗೆ ದಂಡ. ಇಲ್ಲಿ ದರ ಒಮ್ಮೆಲೇ ಏರುವುದು ಮಾದಾವರದ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ದೊಡ್ಡ ವಸ್ತುಪ್ರದರ್ಶನ ಇದ್ದಾಗ. ಯಂತ್ರೋಪಕರಣಗಳ ಇಮ್‌ಟೆಕ್ಸ್ ಜನವರಿಯಲ್ಲಿ ನಡೆಯುತ್ತದೆ, ಎರಡು ವರ್ಷಕ್ಕೊಮ್ಮೆ ಎಕ್ಸ್‌ಕಾನ್ ಪ್ರದರ್ಶನ ಇರುತ್ತದೆ. ಆ ವಾರಗಳಲ್ಲಿ ತುಮಕೂರು ರಸ್ತೆಯ ರೂಮಿಗೆ ಇಡೀ ದೇಶದ ಜನ ಪೈಪೋಟಿ. ಬಿಐಇಸಿಯ ಕಾರ್ಯಕ್ರಮ ಪಟ್ಟಿ ನೋಡಿಯೇ ದಿನಾಂಕ ಗೊತ್ತುಮಾಡಿ. ಬದಲಿಸಲು ಆಗದಿದ್ದರೆ ಮಲ್ಲೇಶ್ವರ, ರಾಜಾಜಿನಗರದ ಕಡೆ ಹುಡುಕಿ, ಅದೇ ಹಸಿರು ಗೆರೆ.

ವೈಟ್‌ಫೀಲ್ಡಿನಲ್ಲಿ ನಿಲ್ದಾಣದ ಹೆಸರನ್ನು ಸರಿಯಾಗಿ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಐಟಿಪಿಎಲ್‌ಗೆ ಪಟ್ಟಂದೂರು ಅಗ್ರಹಾರ. ಸತ್ಯಸಾಯಿ ಆಸ್ಪತ್ರೆಗೆ ಅದರದೇ ಹೆಸರಿನ ನಿಲ್ದಾಣ. ‘ವೈಟ್‌ಫೀಲ್ಡ್’ ಎಂಬ ಹೆಸರಿನ ಕೊನೆಯ ನಿಲ್ದಾಣ ಕಾಡುಗೋಡಿಯಲ್ಲಿದೆ. ಕಂಪನಿಗೆ ಹೋಗುವವರು ಅಲ್ಲಿವರೆಗೆ ಹೋಗಿ ವಾಪಸು ಬರುವುದನ್ನು ದಿನಾ ನೋಡಬಹುದು. ಕಡಿಮೆ ಬಾಡಿಗೆಯ ರೂಮುಗಳಿಗೆ ಹೂಡಿ, ಗರುಡಾಚಾರ್‌ಪಾಳ್ಯ, ಮಹದೇವಪುರ, ಕೆ.ಆರ್. ಪುರ ನೋಡಿ. ಮೆಜೆಸ್ಟಿಕ್‌ನಲ್ಲೇ ಉಳಿದು ನೇರಳೆ ಮಾರ್ಗದಲ್ಲಿ ಬರುವುದೂ ಕೆಟ್ಟ ಯೋಚನೆಯಲ್ಲ, ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 10ಕ್ಕೆ ಸಂದರ್ಶನವಿದ್ದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹಳದಿ ಮಾರ್ಗ ಬರುವವರೆಗೂ ಕಷ್ಟವಿತ್ತು. ಸಿಲ್ಕ್ ಬೋರ್ಡಿನಿಂದ ಎತ್ತರಿಸಿದ ರಸ್ತೆ 2010ರಲ್ಲೇ ಬಂದರೂ ಅದರಿಂದ ಅನುಕೂಲವಾದದ್ದು ಕಾರಿದ್ದವರಿಗೆ. ಈಗ ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್, ಬೆರಟೇನ ಅಗ್ರಹಾರದ ನಿಲ್ದಾಣಗಳಿಂದ ನಡೆಯುವಷ್ಟು ದೂರದಲ್ಲಿ ರೂಮು ಹಿಡಿಯಬಹುದು. ಇನ್ಫೊಸಿಸ್ ಕಡೆಯ ಕೆಲಸಕ್ಕೆ ಕೋನಪ್ಪನ ಅಗ್ರಹಾರ ನಿಲ್ದಾಣ, ಬಯೋಕಾನ್ ಕಡೆಗೆ ಹೆಬ್ಬಗೋಡಿ. ಈ ಮಾರ್ಗ ಮೂರೇ ರೈಲುಗಳಿಂದ, 25 ನಿಮಿಷಕ್ಕೊಂದರಂತೆ ಶುರುವಾಗಿತ್ತು. ರೈಲು ಬಂದಂತೆ ಅಂತರ ಇಳಿದಿದೆ, ಆದರೂ ಹೊರಡುವ ದಿನ ವೇಳೆ ನೋಡಿಕೊಳ್ಳಿ. ನೀಲಾದ್ರಿ ರಸ್ತೆಯ ಸುತ್ತ ಪಿಜಿಗಳೇ ಪಿಜಿಗಳು. ಮೂರು ದಿನಕ್ಕಿಂತ ಹೆಚ್ಚಿದ್ದರೆ, ಒಬ್ಬರೇ ಇದ್ದರೆ, ‘ಡೈಲಿ ಬೇಸಿಸ್ ಕೊಡ್ತೀರಾ’ ಎಂದು ಕೇಳಿ. ಬೆಳಗಿನ ತಿಂಡಿ, ರಾತ್ರಿ ಊಟ ಸೇರಿರುವುದರಿಂದ ಲಾಡ್ಜಿಗಿಂತ ಅಗ್ಗವಾಗುವುದುಂಟು. ಮೂವರಿದ್ದರೆ ಲೆಕ್ಕ ಉಲ್ಟಾ. ಪಿಜಿಯಲ್ಲಿ ತಲೆಗಿಷ್ಟು, ಲಾಡ್ಜಿನಲ್ಲಿ ರೂಮಿಗಿಷ್ಟು. ‘ಅಡ್ವಾನ್ಸ್’ ಎಂದು ತಿಂಗಳ ಬಾಡಿಗೆ ಕೇಳಿದರೆ ಮುಂದಿನ ಮನೆಗೆ ನಡೆಯಿರಿ.

ಆಸ್ಪತ್ರೆಗೆ ಬಂದವರಿಗೆ

ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಗೆ ಬಂಗಾಳ, ಈಶಾನ್ಯ ರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ಅವರಿಗಾಗಿಯೇ ಸುತ್ತ ಒಂದು ಪುಟ್ಟ ಊರು ಬೆಳೆದಿದೆ. ಬಂಗಾಳಿ ಅಕ್ಷರದ ಬೋರ್ಡುಗಳು, ಮೀನು-ಅನ್ನದ ಹೋಟೆಲುಗಳು, ಅಡುಗೆಮನೆ ಇರುವ ರೂಮುಗಳು. ಈ ಅಡುಗೆಮನೆಯ ಬೆಲೆ ನಮ್ಮವರಿಗೆ ತಿಳಿದಿಲ್ಲ. ಶಸ್ತ್ರಚಿಕಿತ್ಸೆಯೆಂದರೆ ವಾರ-ಹತ್ತು ದಿನ, ಆಮೇಲೆ ತಪಾಸಣೆಗೆಂದು ಮತ್ತೆ ನಾಲ್ಕು ದಿನ. ಅಷ್ಟು ದಿನ ಮೂರು ಹೊತ್ತೂ ಹೊರಗೆ ತಿಂದರೆ ಬಾಡಿಗೆಗಿಂತ ಊಟದ ಖರ್ಚೇ ಮೇಲಾಗುತ್ತದೆ, ರೋಗಿಗೆ ಉಪ್ಪು-ಎಣ್ಣೆ ಕಡಿಮೆ ಮಾಡಿದ ಗಂಜಿಯೂ ಸಿಗದು. ಗ್ಯಾಸ್ ಸ್ಟವ್, ಎರಡು ಪಾತ್ರೆ ಇರುವ ರೂಮಿಗೆ ದಿನಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಕೊನೆಗೆ ಉಳಿತಾಯವೇ.

ಮೊದಲ ದಿನವೇ ವಾರದ ಬಾಡಿಗೆ ಮಾತಾಡಬೇಡಿ. ಒಂದು ರಾತ್ರಿಗೆ ಹಿಡಿದು, ವೈದ್ಯರು ಎಷ್ಟು ದಿನ ಎನ್ನುತ್ತಾರೆ ಕೇಳಿ, ಆಮೇಲೆ ವಾರದ ದರಕ್ಕೆ ಚೌಕಾಸಿ ಮಾಡಿ. ಒಳರೋಗಿಯ ಜೊತೆ ಒಬ್ಬರಿಗೆ ಆಸ್ಪತ್ರೆಯಲ್ಲೇ ಉಳಿಯಲು ಬಿಟ್ಟರೆ ಹೊರಗೆ ಬೇಕಾಗುವುದು ಒಬ್ಬರ ಜಾಗ ಮಾತ್ರ. ಪಾಳಿಯಲ್ಲಿ ಸ್ನಾನ-ನಿದ್ದೆಗೆ ಒಂದು ಚಿಕ್ಕ ರೂಮು ಸಾಕು. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಚಿಕಿತ್ಸೆ ಉಚಿತ, ಹೊರಗಿನ ವಾಸ ಮಾತ್ರ ನಿಮ್ಮದೇ ಖರ್ಚು. ಯಾವ ಆಸ್ಪತ್ರೆಯೇ ಇರಲಿ, ಗೇಟಿನಲ್ಲಿ ಬ್ಯಾಗಿಗೆ ಕೈ ಹಾಕಿ ‘ರೂಮ್ ಬೇಕಾ’ ಎನ್ನುವವರ ಹಿಂದೆ ಹೋಗುವ ಮುನ್ನ ಒಳಗಿನ ವಿಚಾರಣೆ ಕೌಂಟರಿನಲ್ಲಿ ಕೇಳಿ. ರೋಗಿಗಳ ಕಡೆಯವರಿಗೆ ಡಾರ್ಮಿಟರಿ ಇದ್ದರೆ ಅವರೇ ಹೇಳುತ್ತಾರೆ. ಊಟಕ್ಕೆ ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಎಲ್ಲಿದೆಯೆಂದೂ ವಿಚಾರಿಸಿ. ತಿಂಡಿ 5 ರೂಪಾಯಿ, ಊಟ 10.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎರಡೂ ಹೊರವಲಯ, ಹತ್ತಿರವೇ ಇರಬೇಕು ಎಂದುಕೊಂಡು ವೈಟ್‌ಫೀಲ್ಡಿನ ಕೆಲಸಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರೂಮು ಹಿಡಿಯುವುದು. ಒಂದು ಊರಿನ ಪೂರ್ವ, ಇನ್ನೊಂದು ದಕ್ಷಿಣ. ನೇರ ಮೆಟ್ರೊ ಇಲ್ಲ, ನಡುವೆ ಇರುವುದು ಹೊರವರ್ತುಲ ರಸ್ತೆಯ ಟ್ರಾಫಿಕ್. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿ ಇನ್ನೂ ದೂರ, ಆದರೆ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಹಳದಿ ಹತ್ತಿದರೆ ಆರಾಮ. ಮ್ಯಾಪಿನ ಗೆರೆಗೂ ಬೆಂಗಳೂರಿನ ದೂರಕ್ಕೂ ಸಂಬಂಧ ಕಡಿಮೆ.

ಭಾನುವಾರದ ಪರೀಕ್ಷೆಗೆ ಮೆಟ್ರೊ ನಂಬುವುದು ಇದಕ್ಕಿಂತ ದುಬಾರಿ ತಪ್ಪು. ಭಾನುವಾರ ಮೊದಲ ರೈಲು ಸಾಮಾನ್ಯವಾಗಿ ಬೆಳಿಗ್ಗೆ 7ಕ್ಕೆ. ಏಳೂವರೆಗೆ ಹಾಜರಿ ಎಂದು ಪ್ರವೇಶ ಪತ್ರದಲ್ಲಿದ್ದರೆ ರೈಲು ಇಳಿಯುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ದೊಡ್ಡ ಪರೀಕ್ಷೆಗಳಿಗೆ ಮೆಟ್ರೊದವರು ಕೆಲವೊಮ್ಮೆ ಬೇಗ ಬಿಡುವುದುಂಟು, ಪತ್ರಿಕೆಯಲ್ಲಿ ನೋಡದೆ ನಂಬಬೇಡಿ. ಬೆಳಗಿನ ಪಾಳಿಯ ಪರೀಕ್ಷೆಗೆ ನಡೆದು ಹೋಗುವಷ್ಟು ದೂರದಲ್ಲೇ ಉಳಿಯಿರಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಇಲ್ಲಿ ಮಾತ್ರ ಜಿಪುಣತನ ಬೇಡ. ಕೇಂದ್ರ ಗೊತ್ತಾದ ದಿನವೇ ಬುಕ್ ಮಾಡಿ, ನಿಮ್ಮ ಹಾಗೆ ಇನ್ನೂ ನೂರಾರು ಅಪ್ಪಂದಿರು ಅದೇ ಹೊತ್ತಿಗೆ ಅದೇ ಮ್ಯಾಪ್ ನೋಡುತ್ತಿರುತ್ತಾರೆ.

ತೆರಿಗೆಯನ್ನು ಕಣ್ಣುಮುಚ್ಚಿ ಕಟ್ಟುವುದೂ ತಪ್ಪೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಮೊದಲು ಶೇ 12 ಇತ್ತು. ಸಾವಿರದ ರೂಮಿಗೆ 1,050 ಆಗಬೇಕು, 1,120 ಅಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯೇ ಇಲ್ಲದೆ ‘ಟ್ಯಾಕ್ಸ್’ ಎಂದು ಸೇರಿಸಿದ್ದರೆ ಕೇಳಿ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ.

ಎಚ್ಚರ ಇರಲಿ

ಹುಡುಕಾಟದಲ್ಲಿ ಸಿಗುವ ಫೋನ್ ನಂಬರುಗಳಲ್ಲಿ ನಕಲಿಯೂ ಇರುತ್ತವೆ. ‘ಒಂದೇ ರೂಮ್ ಉಳಿದಿದೆ, ಈ ಕ್ಯೂಆರ್‌ಗೆ ಪೂರ್ತಿ ಹಾಕಿ’ ಎಂದು ಅವಸರ ಮಾಡಿದರೆ ಫೋನ್ ಇಡಿ. ನಿಜವಾದ ಲಾಡ್ಜಿನವರು ಹೆಚ್ಚೆಂದರೆ ಸ್ವಲ್ಪ ಮುಂಗಡ ಕೇಳಿಯಾರು. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು.

ಆ್ಯಪ್‌ನಲ್ಲಿ ಬುಕ್ ಆಗಿದ್ದರೂ ‘ನಾವು ಆ ಆ್ಯಪ್ ಬಿಟ್ಟಿದ್ದೀವಿ’ ಎಂದು ಕೌಂಟರಿನಲ್ಲಿ ವಾಪಸು ಕಳಿಸುವುದುಂಟು. ಬುಕ್ ಮಾಡಿದ ಮೇಲೆ ಲಾಡ್ಜಿಗೇ ಕರೆ ಮಾಡಿ ಹೆಸರು, ದಿನಾಂಕ ಹೇಳಿ ಖಾತ್ರಿ ಮಾಡಿಕೊಳ್ಳಿ. ರಾತ್ರಿ 9ರ ನಂತರ ತಲುಪುವವರಿಗಂತೂ ಇದು ಕಡ್ಡಾಯ.

ಗುರುತಿನ ಚೀಟಿ ಪ್ರತಿಯೊಬ್ಬರದೂ ಬೇಕು, ಮಕ್ಕಳದೂ. ಆಧಾರ್ ನಕಲು ಕೊಡಲು ಹಿಂಜರಿಕೆಯಿದ್ದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಮುದ್ರಿಸಿ ತನ್ನಿ. ನಿಮ್ಮ ಚೀಟಿಯಲ್ಲಿ ಬೆಂಗಳೂರಿನ ವಿಳಾಸವಿದ್ದರೆ ಕೆಲವು ಲಾಡ್ಜುಗಳು ‘ಲೋಕಲ್ ಐಡಿ ಆಗಲ್ಲ’ ಎನ್ನುತ್ತವೆ. ಕಾನೂನಿನಲ್ಲಿ ಹಾಗೇನಿಲ್ಲ, ಅದು ಅವರ ಪದ್ಧತಿ. ಫೋನಿನಲ್ಲೇ ಕೇಳಿಬಿಟ್ಟರೆ ಬಾಗಿಲಲ್ಲಿ ವಾದಿಸುವುದು ತಪ್ಪುತ್ತದೆ.

ಒಬ್ಬಳೇ ಬರುವ ಹೆಣ್ಣುಮಗಳಾದರೆ ಸ್ವಾಗತದಲ್ಲಿ ರಾತ್ರಿ ಯಾರಿರುತ್ತಾರೆ, ಕೆಳಗೆ ಬಾರ್ ಇದೆಯೇ ಎಂದು ಕೇಳಿ. ಹೊರವಲಯದ ಎಷ್ಟೋ ಲಾಡ್ಜುಗಳು ಬಾರ್ ಅಂಡ್ ರೆಸ್ಟೋರೆಂಟಿನ ಮೇಲೇ ಇವೆ. ಅಂಥದಕ್ಕಿಂತ ಹೆಣ್ಣುಮಕ್ಕಳ ಪಿಜಿ ಮೇಲು. 2024ರ ಆಗಸ್ಟಿನಲ್ಲಿ ಪಾಲಿಕೆ ಪಿಜಿಗಳಿಗೆ ಸಿಸಿಟಿವಿ, ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಮುಂತಾದ ನಿಯಮ ಹಾಕಿದೆ. ಕ್ಯಾಮೆರಾ ಇದೆಯೇ ಎಂದು ತಲೆಯೆತ್ತಿ ನೋಡಲು ಸಂಕೋಚ ಬೇಡ. ತುರ್ತಿಗೆ 112.

ಹೊರಡುವ ದಿನ 11ಕ್ಕೇ ರೂಮು ಬಿಡಬೇಕು, ಬಸ್ಸು ರಾತ್ರಿ 10ಕ್ಕೆ ಎಂದಾದರೆ ಬ್ಯಾಗನ್ನು ಕೌಂಟರಿನಲ್ಲೇ ಇಟ್ಟುಕೊಳ್ಳುವಂತೆ ಕೇಳಿ. ಹೆಚ್ಚಿನವರು ದುಡ್ಡು ಕೇಳುವುದಿಲ್ಲ. ದುಡ್ಡು, ಅಂಕಪಟ್ಟಿ, ಆಸ್ಪತ್ರೆಯ ರಿಪೋರ್ಟುಗಳನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಳ್ಳಿ. ತೀರಾ ದೊಡ್ಡ ಬ್ಯಾಗಿದ್ದರೆ ಮೆಟ್ರೊದಲ್ಲಿ ಅದಕ್ಕೆ ಬೇರೆ ಲಗೇಜ್ ಟಿಕೆಟ್ ಕೇಳುತ್ತಾರೆ. ವಾಪಸು ಹೋಗುವ ಬಸ್ಸು ತುಮಕೂರು ರಸ್ತೆಯದಾದರೆ, ಟಿಕೆಟ್ ಮಾಡುವಾಗಲೇ ಹತ್ತುವ ಜಾಗ ಮೆಜೆಸ್ಟಿಕ್ ಬದಲು ಗೊರಗುಂಟೆಪಾಳ್ಯ ಅಥವಾ ಜಾಲಹಳ್ಳಿ ಕ್ರಾಸ್ ಎಂದು ಹಾಕಿ. ಎರಡು ಕಡೆಯೂ ಮೆಟ್ರೊ ನಿಲ್ದಾಣ ಹತ್ತಿರ, ಕೆಳಗಿಳಿದರೆ ಬಿಸಿ ಮುದ್ದೆ ಊಟ ಸಿಗುತ್ತದೆ, ಬಸ್ಸು ಬರುವುದು ಹೇಗೂ ಅರ್ಧ ಗಂಟೆ ತಡ.